ಎಣ್ಣೆ, ನೀರು ಮತ್ತು ಅಕ್ಕನ ಮೊಮ್ಮಗಳ ಉಸಿರು

ನಮ್ಮ ಕಲಬುರಗಿ ಕಡೆ ಇಬ್ಬರಿಗೆ ಸರಿ ಬರದಿದ್ದರೆ "ಅವ್ರಿಬ್ಬರದು ಎಣ್ಣಿ ನೀರು ಇದ್ದಂಗ, ಎಂದೂ ಕೂಡಂಗಿಲ್ಲ" ಅಂತಾರೆ. ಮದುವೆ ಮಾತುಕತೆಯಲ್ಲಿ, ಹೊಲದ ಪಾಲಿನ ಜಗಳದಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಲಿಪಿಡ್, ಅಂದರೆ ಎಣ್ಣೆ ಕೊಬ್ಬಿನ ಬಳಗದ ಪಾಠ ಬಂದಾಗಲೆಲ್ಲ ಈ ಮಾತಿನಿಂದಲೇ ಶುರು ಮಾಡುತ್ತೇನೆ. ಆದರೆ ಎಣ್ಣೆ ನೀರು ಕೂಡುವುದಿಲ್ಲ ಎನ್ನುವುದರ ಬೆಲೆ ನನಗೆ ನಿಜವಾಗಿ ತಿಳಿದದ್ದು ಹೋದ ವರ್ಷ ನವೆಂಬರಿನಲ್ಲಿ, ಒಂದು ಆಸ್ಪತ್ರೆಯ ಗಾಜಿನ ಬಾಗಿಲ ಹೊರಗೆ ನಿಂತಾಗ. ಅಕ್ಕನ ಮಗಳಿಗೆ ಮೂವತ್ತು ವಾರಕ್ಕೇ ಹೆರಿಗೆಯಾಗಿತ್ತು. ಕೂಸು ಒಂದು ಕಿಲೋ ಇನ್ನೂರು ಗ್ರಾಂ. ಅತ್ತಿತ್ತು, ಆದರೆ ಅಳುವಿನ ನಡುವೆ ಉಸಿರು ಎಳೆಯುವಾಗ ಪಕ್ಕೆಲುಬು ಒಳಗೆ ಹೋಗಿ ಎದೆ ಕುಸಿಯುತ್ತಿತ್ತು.

ಆ ಕೂಸಿನ ಬಳಿಗೆ ಬರುತ್ತೇನೆ. ಮೊದಲು ಗಾಣದ ಬಳಿಗೆ ಹೋಗಬೇಕು.

ಅಪ್ಪನದು ಸೇಡಂ ಕಡೆಯ ಹಳ್ಳಿಯಲ್ಲಿ ಎತ್ತಿನ ಗಾಣ. ದೊಡ್ಡ ಮರದ ಒರಳು, ಅದರೊಳಗೆ ಓರೆಯಾಗಿ ತಿರುಗುವ ದಿಂಡು, ಕಣ್ಣಿಗೆ ಬಟ್ಟೆ ಕಟ್ಟಿದ ಒಂದೇ ಎತ್ತು. ಕುಸುಬಿ, ಶೇಂಗಾ, ಎಳ್ಳು, ಅಗಸಿ, ಊರವರು ಏನು ತಂದರೆ ಅದು. ಹೆಚ್ಚು ಬರುತ್ತಿದ್ದದ್ದು ಕುಸುಬಿ. ಹಿಂಗಾರಿ ಜೋಳದ ಹೊಲಕ್ಕೆ ಸುತ್ತಲೂ ಕುಸುಬಿಯ ಸಾಲು ಹಾಕುತ್ತಿದ್ದರು, ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಕೊಯ್ಲಿಗೆ ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗಲೇ ಹೋಗಬೇಕು. ಹೊತ್ತೇರಿದರೆ ಕೈಯೆಲ್ಲ ಗೀರು.

ನಾನು ಆರೇಳು ವರ್ಷದವಳಿದ್ದಾಗ ಗಾಣದ ಪಕ್ಕ ಕೂತು ನೋಡುತ್ತಿದ್ದ ಒಂದು ಕೆಲಸ ಇಂದಿಗೂ ಕಣ್ಣ ಮುಂದಿದೆ. ಕಾಳು ಅರೆದು ಹಿಟ್ಟಾಗಿ, ಹಿಟ್ಟು ಮುದ್ದೆಯಾಗಿ, ಇನ್ನೇನು ಎಣ್ಣೆ ಬಿಡಬೇಕು ಅನ್ನುವ ಹೊತ್ತಿಗೆ ಅಪ್ಪ ತಂಬಿಗೆಯಲ್ಲಿ ಕೈ ಅದ್ದಿ ಒಂದಿಷ್ಟು ನೀರು ಚಿಮುಕಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುದ್ದೆಯ ಅಂಚಿನಲ್ಲಿ ಹೊಳಪು ಕಾಣುತ್ತಿತ್ತು, ಆಮೇಲೆ ಎಣ್ಣೆ ಧಾರೆ. "ಅಪ್ಪಾ, ಎಣ್ಣಿಯೊಳಗ ನೀರು ಯಾಕ ಹಾಕ್ತಿ?" ಅಂದರೆ, "ನೀರು ಬಂದ್ರ ಎಣ್ಣಿ ತಾನಾ ಜಾಗ ಬಿಡ್ತದವ್ವಾ" ಅಂತಿದ್ದರು. ಅಷ್ಟೇ ಉತ್ತರ. ಬಿ.ಎಸ್ಸಿ ಓದುವಾಗ ಅದು ಎಷ್ಟು ಸರಿಯಾದ ಉತ್ತರ ಅಂತ ತಿಳಿಯಿತು.

ಕಾಳಿನೊಳಗೆ ಎಣ್ಣೆ ಕೆರೆಯ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಒಂದೊಂದು ಜೀವಕೋಶದಲ್ಲೂ ಬರಿಗಣ್ಣಿಗೆ ಕಾಣದ ಸಣ್ಣ ಹನಿಗಳಾಗಿ ಇರುತ್ತದೆ. ಒಂದು ಹನಿ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಪ್ರತಿ ಹನಿಗೂ ಫಾಸ್ಫೋಲಿಪಿಡ್ ಎಂಬ ಇನ್ನೊಂದು ಜಾತಿಯ ಲಿಪಿಡ್‌ನ ಒಂದೇ ಪದರದ ಹೊದಿಕೆ, ಅದರಲ್ಲಿ ನಾಟಿಕೊಂಡ ಪ್ರೋಟೀನು. ಈ ಹೊದಿಕೆ ಇರುವುದರಿಂದಲೇ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದಿಲ್ಲ. ಗಾಣ ಅರೆದಾಗ ಹೊದಿಕೆ ಹರಿಯುತ್ತದೆ, ಆದರೆ ಎಣ್ಣೆ ಹಿಟ್ಟಿಗೆ ಅಂಟಿಕೊಂಡೇ ಇರುತ್ತದೆ. ನೀರು ಬಿದ್ದರೆ ಕಾಳಿನ ಪ್ರೋಟೀನು, ಪಿಷ್ಟ ಎಲ್ಲ ನೀರನ್ನು ಹಿಡಿದುಕೊಂಡು ಎಣ್ಣೆಯನ್ನು ಕೈಬಿಡುತ್ತವೆ. ಹನಿ ಹನಿ ಕೂಡಿ ಹರಿಯುತ್ತದೆ. ಉಳಿದದ್ದು ಹಿಂಡಿ, ಅದು ಎಮ್ಮೆಗೆ. ನಮ್ಮಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಪುಡಿಗೂ ಹಿಂಡಿ ಅಂತಲೇ ಹೆಸರು, ಎಮ್ಮೆಯ ಹಿಂಡಿಗೂ ಹಿಂಡಿ. ಬೆಂಗಳೂರಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕಾಳಿಗೆ ಎಣ್ಣೆಯೇ ಯಾಕೆ ಬೇಕು, ಜೋಳದ ಹಾಗೆ ಪಿಷ್ಟ ಸಾಲದೇ ಅಂತ ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಾನೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿ, ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9. ಅಷ್ಟೇ ಅಲ್ಲ, ನಮ್ಮ ಯಕೃತ್ತಿನಲ್ಲಿ ಕೂಡಿಡುವ ಗ್ಲೈಕೋಜನ್ ತನ್ನ ಜೊತೆ ತನಗಿಂತ ಹೆಚ್ಚು ತೂಕದ ನೀರನ್ನೂ ಹೊತ್ತುಕೊಂಡಿರುತ್ತದೆ. ಕೊಬ್ಬು ಒಣಗಿದ ಬುತ್ತಿ. ದೂರದ ದಾರಿಗೆ ಹೊರಟವರು ಅನ್ನ ಸಾರು ಕಟ್ಟಿಕೊಳ್ಳದೆ ಕಟಕ ರೊಟ್ಟಿ, ಹಿಂಡಿ ಕಟ್ಟಿಕೊಂಡ ಹಾಗೆ. ಸಣ್ಣ ಕಾಳಿನಲ್ಲಿ ಮೊಳಕೆಗೆ ಬೇಕಾದ ದಾರಿಯ ಬುತ್ತಿ ಹಿಡಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹೊಟ್ಟೆಯ ಸುತ್ತಲಿನ ಕೊಬ್ಬನ್ನು ಬೈಯುವ ಮುಂಚೆ ಇಷ್ಟನ್ನಾದರೂ ನೆನೆಯಬೇಕು ಎನ್ನುವುದು ನನ್ನ ಆಸೆ. "ಕೊಬ್ಬು ಬಂದದೇನು ನಿನಗ" ಅಂತ ನಾವು ಬೈಗುಳಕ್ಕೆ ಇಟ್ಟುಕೊಂಡಿರುವ ಪದ ಅದು.

ಎಣ್ಣೆಯ ಅಣುವಿನ ಒಳಗೆ ಏನಿದೆ ಎಂದು ಮೊದಲು ಬಿಡಿಸಿ ನೋಡಿದವರು ಅದನ್ನು ಸಾಬೂನು ಮಾಡುವ ದಾರಿಯಿಂದಲೇ ನೋಡಿದರು. ಸ್ವೀಡನ್ನಿನ ಶೀಲೆ 18ನೇ ಶತಮಾನದಲ್ಲೇ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡ್ ಜೊತೆ ಕಾಯಿಸಿ ಸಿಹಿಯಾದ ಒಂದು ದ್ರವ ತೆಗೆದಿದ್ದ. ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೂಲ್ ಅದಕ್ಕೆ ಗ್ಲಿಸರಿನ್ ಎಂದು ಹೆಸರಿಟ್ಟ. ಕೊಬ್ಬು ಎಂದರೆ ಈ ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳು ಕೂಡಿದ್ದು ಅಂತ ತೋರಿಸಿದ. ಅವನು ಕೊಬ್ಬಿನ ಬಗ್ಗೆ ಬರೆದ ದೊಡ್ಡ ಪುಸ್ತಕ 1823ರದು. 102 ವರ್ಷ ಬದುಕಿದ ಮನುಷ್ಯ, 1889ರಲ್ಲಿ ತೀರಿಕೊಂಡ.

ತರಗತಿಯಲ್ಲಿ ನಾನು ಇದನ್ನು ಕೈಯಿಂದ ತೋರಿಸುತ್ತೇನೆ. ಗ್ಲಿಸರಾಲ್ (ಆ ಗ್ಲಿಸರಿನ್ನೇ) ಎಂದರೆ ಮೂರು ಇಂಗಾಲದ ಸಣ್ಣ ತುಂಡು, ಮೂರು ಬೆರಳು ಚಾಚಿದ ಹಾಗೆ. ಒಂದೊಂದು ಬೆರಳಿಗೂ ಒಂದೊಂದು ಕೊಬ್ಬಿನಾಮ್ಲದ ಉದ್ದನೆಯ ಸರಪಳಿ ಅಂಟುತ್ತದೆ, ಅಂಟುವಾಗ ಒಂದೊಂದು ನೀರಿನ ಅಣು ಹೊರಬೀಳುತ್ತದೆ. ಮೂರು ಬಾಲದ ಈ ಅಣುವೇ ಟ್ರೈಗ್ಲಿಸರೈಡ್. ರಕ್ತ ಪರೀಕ್ಷೆಯ ಕಾಗದದಲ್ಲಿ ಇದೇ ಹೆಸರು ನೋಡಿ ಜನ ಗಾಬರಿಯಾಗುತ್ತಾರೆ. ಅಪ್ಪನ ಗಾಣದಿಂದ ಧಾರೆಯಾಗಿ ಬೀಳುತ್ತಿದ್ದದ್ದೂ ಅದೇ.

ಬಾಲಗಳದ್ದೇ ಎಲ್ಲ ಆಟ. ಬಣವಿ ಒಟ್ಟುವುದನ್ನು ನೋಡಿದವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ನೆಟ್ಟಗಿರುವ ಜೋಳದ ಕಣಿಕಿ (ಒಣಗಿದ ದಂಟು) ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತದೆ, ಹೊರೆ ಗಟ್ಟಿಯಾಗುತ್ತದೆ. ನಡುವೆ ಮುರಿದು ಬಾಗಿದ ಕಣಿಕಿ ಸೇರಿದರೆ ಎಷ್ಟು ಬಿಗಿದರೂ ಸಂದು ಉಳಿಯುತ್ತದೆ. ಕೊಬ್ಬಿನಾಮ್ಲದ ಬಾಲದಲ್ಲಿ ಇಂಗಾಲಗಳ ನಡುವೆ ಎಲ್ಲ ಒಂಟಿ ಬಂಧವೇ ಇದ್ದರೆ ಅದು ನೆಟ್ಟಗಿನ ಕಣಿಕಿ. ಒಂದು ಜೋಡಿ ಬಂಧ ಬಂದರೆ ಅಲ್ಲಿ ಒಂದು ಬಾಗು. ಹದಿನೆಂಟು ಇಂಗಾಲದ ಸ್ಟಿಯರಿಕ್ ಆಮ್ಲದಲ್ಲಿ ಬಾಗಿಲ್ಲ, ಅದು ಕರಗಲು ಸುಮಾರು 69 ಡಿಗ್ರಿ ಬೇಕು. ಅದೇ ಹದಿನೆಂಟು ಇಂಗಾಲ, ಒಂದು ಬಾಗು ಇರುವ ಒಲಿಯಿಕ್ ಆಮ್ಲ ಸುಮಾರು 13 ಡಿಗ್ರಿಗೇ ಕರಗುತ್ತದೆ. ಎರಡು ಬಾಗು ಇರುವ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಒಂದೇ ಉದ್ದ, ಒಂದೇ ಲೆಕ್ಕದ ಇಂಗಾಲ. ಬಾಗಿನಿಂದಲೇ ಇಷ್ಟೊಂದು ಅಂತರ.

ನಮ್ಮ ನಾಟಿ ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಈ ಎರಡು ಬಾಗಿನ ಲಿನೋಲಿಯಿಕ್. ಡಿಸೆಂಬರಿನ ಬೆಳಗಿನಲ್ಲಿ ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದರೂ ಅಡುಗೆಮನೆಯ ಕುಸುಬಿ ಎಣ್ಣೆ ಹಾಗೇ ಹರಿಯುತ್ತಿರುವುದು ಅದಕ್ಕೆ. ಈ ಬಾಗಿಗೆ ಒಂದು ತೊಂದರೆಯೂ ಇದೆ. ಜೋಡಿ ಬಂಧಗಳ ನಡುವಿನ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಮನೆಯಲ್ಲಿ ಒಂದು ಹಿತ್ತಾಳೆಯ ಎಣ್ಣೆ ಗಿಂಡಿ ಇತ್ತು. ಅದರ ಕಂಠದ ಸುತ್ತ ಎಷ್ಟು ತಿಕ್ಕಿದರೂ ಹೋಗದ ಕಂದು ಬಣ್ಣದ ಅಂಟು. ಮೊದಲು ಜಿಗುಟು, ಆಮೇಲೆ ವಾರ್ನಿಷ್ ಬಳಿದ ಹಾಗೆ ಗಟ್ಟಿ. ಅವ್ವ ಬೂದಿ, ಹುಣಸೆಹುಳಿ ಎಲ್ಲ ಹಾಕಿ ತಿಕ್ಕಿದರೂ ಸೋಲುತ್ತಿದ್ದಳು. ಅದು ಕೊಳೆಯಲ್ಲ. ಬಾಗಿನ ಬಾಲಗಳು ಆಮ್ಲಜನಕದ ಸಹಾಯದಿಂದ ಒಂದಕ್ಕೊಂದು ಹೆಣೆದುಕೊಂಡು ಆದ ಪದರ. ಅಗಸಿ ಎಣ್ಣೆಯಲ್ಲಿ ಮೂರು ಬಾಗಿನ ಆಮ್ಲವೇ ಅರ್ಧಕ್ಕಿಂತ ಹೆಚ್ಚು, ಹಾಗಾಗಿ ಅದು ಇನ್ನೂ ಬೇಗ ಒಣಗುತ್ತದೆ. ಚಿತ್ರಗಾರರು ಬಣ್ಣ ಕಲಸಲು ಅದನ್ನೇ ಆರಿಸಿಕೊಂಡದ್ದು ಈ ಗುಣಕ್ಕೆ. ಅಗಸಿ ಹಿಂಡಿ ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೆ ಕಮಟು ಬರುವುದೂ ಇದೇ ಗುಣಕ್ಕೆ. ಸ್ವಲ್ಪ ಸ್ವಲ್ಪ ಕುಟ್ಟಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬಾಗನ್ನು ನೆಟ್ಟಗೆ ಮಾಡುವ ಕೆಲಸವನ್ನೂ ಮನುಷ್ಯ ಕಲಿತ. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವುದಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ವನಸ್ಪತಿ ಬಂದದ್ದು ಆ ದಾರಿಯಿಂದ. ಅರ್ಧಂಬರ್ಧ ಜಲಜನಕ ಸೇರಿದಾಗ ಕೆಲವು ಜೋಡಿ ಬಂಧಗಳು ಉಳಿದರೂ ಬಾಗು ಮಾತ್ರ ನೆಟ್ಟಗಾಗಿಬಿಡುತ್ತದೆ. ಅದೇ ಟ್ರಾನ್ಸ್ ಕೊಬ್ಬು, ಹೃದಯಕ್ಕೆ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದು ಎಂಬ ನಿಯಮವಿದೆ. ಅದು ಬರಬೇಕಾಗಿದ್ದ ನಿಯಮ, ಇನ್ನೂ ಮುಂಚೆ ಬಂದಿದ್ದರೆ ಚೆನ್ನಾಗಿತ್ತು.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಟ್ರೈಗ್ಲಿಸರೈಡಿನ ಮೂರು ಬಾಲದಲ್ಲಿ ಒಂದನ್ನು ಕಿತ್ತು, ಆ ಜಾಗದಲ್ಲಿ ಫಾಸ್ಫೇಟ್ ಮತ್ತು ಅದಕ್ಕೊಂದು ಸಣ್ಣ ಗುಂಪು, ಕೋಲೀನ್ ಅಂತಿಟ್ಟುಕೊಳ್ಳಿ, ಅಂಟಿಸಿದರೆ ಆ ಅಣುವಿನ ಸ್ವಭಾವವೇ ಬದಲಾಗುತ್ತದೆ. ಕಾಳಿನ ಹನಿಗೆ ಹೊದಿಕೆಯಾಗಿದ್ದ ಫಾಸ್ಫೋಲಿಪಿಡ್ ಇದೇ. ಬಾಲ ಎರಡೂ ನೀರಿಗೆ ಬೆನ್ನು ಹಾಕುತ್ತವೆ, ತಲೆ ನೀರನ್ನೇ ಹುಡುಕುತ್ತದೆ. ಮೊಟ್ಟೆಯ ಹಳದಿಯಲ್ಲಿ ಇದು ಹೇರಳ. ಬಿಸ್ಕತ್ತಿನ ಪೊಟ್ಟಣದ ಹಿಂದೆ 322 ಎಂಬ ಸಂಖ್ಯೆ ಇದ್ದರೆ ಅದು ಲೆಸಿಥಿನ್, ಈ ಜಾತಿಯದ್ದೇ. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಯಾರೂ ಹೇಳಿಕೊಡದೆ ತಾವೇ ಸಾಲು ಕಟ್ಟುತ್ತವೆ. ಎರಡು ಸಾಲು, ಬಾಲಕ್ಕೆ ಬಾಲ ಎದುರು ಬದುರು, ತಲೆಗಳು ಎರಡೂ ಕಡೆ ನೀರಿನತ್ತ.

1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್ ಎಲ್ಲ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಕಣಗಳ ಮೈಯ ವಿಸ್ತೀರ್ಣಕ್ಕಿಂತ ಎರಡರಷ್ಟು ಜಾಗಕ್ಕೆ ಸಾಲುತ್ತಿತ್ತು. ಅಂದರೆ ಕಣದ ಗೋಡೆಯಲ್ಲಿ ಎರಡು ಪದರ. ಅವರು ಲಿಪಿಡ್ ಪೂರ್ತಿ ತೆಗೆದಿರಲಿಲ್ಲ ಅಂತಲೂ, ಕಣದ ಮೈಯನ್ನು ಕಡಿಮೆ ಅಳೆದಿದ್ದರು ಅಂತಲೂ ಆಮೇಲೆ ಗೊತ್ತಾಯಿತು. ಎರಡು ತಪ್ಪುಗಳೂ ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿ ಬಂದಿತ್ತು. ಈ ಗೋಡೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ನಾಲ್ಕೈದು ಪಾಲು. ಇದೇ ಇಲ್ಲದಿದ್ದರೆ ಜೀವಕೋಶಕ್ಕೆ ಒಳಗು ಹೊರಗು ಎಂಬುದೇ ಇರುತ್ತಿರಲಿಲ್ಲ. ಎಣ್ಣೆ ನೀರು ಕೂಡಿಬಿಟ್ಟಿದ್ದರೆ ನಾವು ಯಾರೂ ಇರುತ್ತಿರಲಿಲ್ಲ.

ನೀರಿನ ಮೇಲೆ ಎಣ್ಣೆ ಹರಡುವ ಈ ಆಟ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಫಮ್ ಕೆರೆಗೆ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಹಾಕಿ, ಅದು ಹರಡಿ ಅರ್ಧ ಎಕರೆಯಷ್ಟು ನೀರು ಕನ್ನಡಿಯ ಹಾಗೆ ಶಾಂತವಾದದ್ದನ್ನು 1774ರಲ್ಲಿ ಬರೆದ. ಅರ್ಧ ಎಕರೆ ಎಂದರೆ ನಮ್ಮ ಇಪ್ಪತ್ತು ಗುಂಟೆ. ಚಮಚದ ಎಣ್ಣೆಯನ್ನು ಇಪ್ಪತ್ತು ಗುಂಟೆಗೆ ಹಂಚಿ ಲೆಕ್ಕ ಹಾಕಿದರೆ ದಪ್ಪ ಸುಮಾರು ಒಂದು ಅಣುವಿನಷ್ಟೇ ಬರುತ್ತದೆ. ಫ್ರಾಂಕ್ಲಿನ್ ಆ ಲೆಕ್ಕ ಮಾಡಲಿಲ್ಲ. ಅಪ್ಪನ ಊರಿನ ಕೆರೆಯ ದಂಡೆಯಲ್ಲಿ ಸಂಜೆ ನಡೆಯುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ, ಆದರೆ ಕೆರೆಗೆ ಎಣ್ಣೆ ಹಾಕುವುದು ತಪ್ಪು. ಮಕ್ಕಳಿಗೆ ನಾನು ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಮಾಡಿಸುತ್ತೇನೆ. ನೀರು ತುಂಬಿ, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ, ಸೂಜಿಯ ತುದಿಗೆ ಹತ್ತಿದಷ್ಟು ಕುಸುಬಿ ಎಣ್ಣೆ ಮುಟ್ಟಿಸಬೇಕು. ಪೌಡರ್ ಅಷ್ಟೂ ಹೆದರಿ ಓಡಿದ ಹಾಗೆ ಅಂಚಿಗೆ ಸರಿಯುತ್ತದೆ. ಯಾವ ವರ್ಷವೂ ಮಕ್ಕಳು "ಮಿಸ್, ಇನ್ನೊಮ್ಮೆ" ಅನ್ನದೆ ಬಿಟ್ಟಿಲ್ಲ.

ಇದನ್ನು ಅಳತೆಗೆ ತಂದವಳು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪಾಕೆಲ್ಸ್. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಹಿರಿಯರ ಆರೈಕೆ, ಅಡುಗೆ, ಪಾತ್ರೆ. ಆ ಕೆಲಸದ ನಡುವೆಯೇ ಆಕೆ ಒಂದು ತಗಡಿನ ತೊಟ್ಟಿ ಮಾಡಿಕೊಂಡು, ನೀರಿನ ಮೇಲೆ ಒಂದು ಪಟ್ಟಿ ಸರಿಸುತ್ತ, ಎಣ್ಣೆಯ ಪದರ ಹಿಗ್ಗಿ ಕುಗ್ಗಿದಾಗ ನೀರಿನ ಮೈಯ ಬಿಗಿ ಎಷ್ಟು ಬದಲಾಗುತ್ತದೆ ಎಂದು ಅಳೆದಳು. ಹತ್ತು ವರ್ಷ ಆದಮೇಲೆ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಒಂದು ಕಾಗದ ಬರೆದಳು. ಆತ ಅದನ್ನು ನೇಚರ್ ಪತ್ರಿಕೆಗೆ ಕಳಿಸಿದ, 1891ರಲ್ಲಿ ಅಚ್ಚಾಯಿತು. ಗಾಣದ ಮನೆಯಲ್ಲಿ ಹುಟ್ಟಿ, ಎಸ್‌ಎಸ್‌ಎಲ್‌ಸಿ ಆದಮೇಲೆ "ಇನ್ನೇನು ಓದಿಸೋದು, ಹುಡುಗಿ" ಎಂಬ ಮಾತು ಕೇಳಿ ಬೆಳೆದ ನನಗೆ ಆಕೆಯ ಕಥೆ ಹೇಳುವಾಗ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಅಪ್ಪ ನನ್ನನ್ನು ಓದಿಸಿದರು. ಆ ಋಣ ನನ್ನ ಮೇಲಿದೆ.

ಆಗ್ನೆಸ್‌ಳ ತೊಟ್ಟಿಯಂಥದೇ ತೊಟ್ಟಿಯಲ್ಲಿ 1957ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ಸ್ ಶ್ವಾಸಕೋಶದಿಂದ ತೆಗೆದ ದ್ರವವನ್ನು ಹರಡಿ ಅಳೆದ. ಪದರವನ್ನು ಒತ್ತಿದಷ್ಟೂ ನೀರಿನ ಮೈಯ ಬಿಗಿ ಇಳಿಯುತ್ತಲೇ ಹೋಯಿತು. ನಮ್ಮ ಶ್ವಾಸಕೋಶ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳು. ಒಳಗೆ ಎಲ್ಲವೂ ಒದ್ದೆ. ನೀರಿನ ಮೈ ಯಾವಾಗಲೂ ಕುಗ್ಗಲು ನೋಡುತ್ತದೆ, ಗೂಡು ಸಣ್ಣದಾದಷ್ಟೂ ಒಳಕ್ಕೆ ಎಳೆಯುವ ಒತ್ತಡ ಹೆಚ್ಚು. ಬರೀ ನೀರೇ ಇದ್ದಿದ್ದರೆ ಪ್ರತಿ ಉಸಿರು ಬಿಟ್ಟಾಗಲೂ ಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಅಂಟಿಕೊಂಡುಬಿಡುತ್ತಿದ್ದವು. ಅದಕ್ಕೇ ಗೂಡಿನ ಗೋಡೆಯ ಕೆಲವು ಕೋಶಗಳು ಒಂದು ಲಿಪಿಡ್ ತಯಾರಿಸಿ ನೀರಿನ ಮೇಲೆ ಹಾಸುತ್ತವೆ. ಅದರ ಹೆಸರು ಸರ್ಫ್ಯಾಕ್ಟೆಂಟ್. ಅದರಲ್ಲಿ ಮುಖ್ಯವಾದದ್ದು ಎರಡೂ ಬಾಲ ಪಾಮಿಟಿಕ್ ಆಮ್ಲವಿರುವ ಫಾಸ್ಫೋಲಿಪಿಡ್. ಹದಿನಾರು ಇಂಗಾಲ, ಬಾಗೇ ಇಲ್ಲದ ನೆಟ್ಟನೆ ಕಣಿಕಿ. ಉಸಿರು ಬಿಟ್ಟಾಗ ಇವು ಒತ್ತೊತ್ತಾಗಿ ನಿಂತು ನೀರಿನ ಬಿಗಿಯನ್ನು ಸೊನ್ನೆಯ ಹತ್ತಿರಕ್ಕೆ ತರುತ್ತವೆ. ಬಾಗಿದ ಬಾಲವಿದ್ದರೆ ಅಷ್ಟು ಒತ್ತಾಗಿ ನಿಲ್ಲಲಾಗುತ್ತಿರಲಿಲ್ಲ. ಟಿವಿಯಲ್ಲಿ ದಿನಾ ಹೆದರಿಸುವ ಅದೇ ಸಂತೃಪ್ತ (ಸ್ಯಾಚುರೇಟೆಡ್, ಬಾಗಿಲ್ಲದ) ಕೊಬ್ಬು ಇಲ್ಲಿ ನಮ್ಮನ್ನು ನಿಮಿಷಕ್ಕೆ ಹದಿನೈದು ಸಲ ಕಾಯುತ್ತದೆ.

ಹೊಟ್ಟೆಯೊಳಗಿನ ಕೂಸು ಇದನ್ನು ಸಾಕಷ್ಟು ಮಾಡಿಕೊಳ್ಳುವುದು ಸುಮಾರು ಮೂವತ್ತೈದು ವಾರದ ಹೊತ್ತಿಗೆ. ಅಕ್ಕನ ಮೊಮ್ಮಗಳು ಬಂದದ್ದು ಮೂವತ್ತಕ್ಕೆ.

ಮೇರಿ ಎಲೆನ್ ಏವರಿ ಎಂಬ ವೈದ್ಯೆ ಜೆರೆ ಮೀಡ್ ಜೊತೆ ಸೇರಿ 1959ರಲ್ಲಿ, ತಿಂಗಳು ತುಂಬುವ ಮುಂಚೆ ಹುಟ್ಟಿ ಉಸಿರಾಡಲಾಗದೆ ತೀರಿಕೊಳ್ಳುತ್ತಿದ್ದ ಕೂಸುಗಳಲ್ಲಿ ಈ ಪದರವೇ ಕೊರತೆ ಎಂದು ತೋರಿಸಿದಳು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಗಂಡುಕೂಸು ಇದೇ ಕಾಯಿಲೆಯಿಂದ ಎರಡೇ ದಿನ ಬದುಕಿತು. ಕಾರಣ ಗೊತ್ತಿತ್ತು, ಔಷಧಿ ಇರಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಹತ್ತು ಕೂಸುಗಳ ಶ್ವಾಸನಾಳಕ್ಕೆ ಹಾಕಿ, ಅವುಗಳ ಉಸಿರು ಸುಧಾರಿಸಿದ್ದನ್ನು ಪ್ರಕಟಿಸಿದ.

ನವೆಂಬರಿನ ಆ ರಾತ್ರಿ ಡಾಕ್ಟರಮ್ಮ ಹೊರಗೆ ಬಂದು ಹೇಳಿದ್ದು ಇದನ್ನೇ, ಬೇರೆ ಮಾತುಗಳಲ್ಲಿ. "ಕೂಸಿನ ಪುಪ್ಪುಸ ಇನ್ನಾ ಪಕ್ವ ಆಗಿಲ್ರಿ. ಒಂದು ಔಷಧಿ ಅದ, ಉಸಿರಿನ ನಳಿಗ್ಯಾಗ ಹಾಕಬೇಕು. ಹಂದಿ ಪುಪ್ಪುಸದಿಂದ ಮಾಡಿದ್ದು. ನಿಮ್ಮದು ಒಪ್ಪಿಗಿ ಬೇಕು." ಅವ್ವ ಎಂಬತ್ತು ದಾಟಿದಾಕೆ, ಕೊರಳಲ್ಲಿ ಲಿಂಗ, ಮೊಟ್ಟೆ ಮುಟ್ಟಿದವಳಲ್ಲ. ನಾವೆಲ್ಲ ಅವಳ ಮುಖ ನೋಡಿದೆವು. ಅವಳು ಒಂದು ಗಳಿಗೆಯೂ ತಡ ಮಾಡಲಿಲ್ಲ. "ಯಾವ ಜೀವದ್ದಾದ್ರೇನ್ರೀ ಯವ್ವಾ, ಕೂಸಿನ ಜೀವ ಉಳೀಲಿ. ಲಗೂ ಹಾಕ್ರಿ."

ಗಾಜಿನಾಚೆಯಿಂದ ನಾನು ನೋಡಿದೆ. ಸಣ್ಣ ಸೀಸೆಯಲ್ಲಿ ಹಾಲಿನಂಥ ಬಿಳಿ ದ್ರವ, ಹೆಚ್ಚೆಂದರೆ ಮೂರು ಮಿಲಿಲೀಟರ್. ನರ್ಸ್ ಅದನ್ನು ಕುಲುಕಲಿಲ್ಲ, ಅಂಗೈಯಲ್ಲಿ ಹಿಡಿದು ಮೆಲ್ಲಗೆ ಬೆಚ್ಚಗೆ ಮಾಡಿ ತಿರುವಿ ಹಾಕಿದಳು. ಇಪ್ಪತ್ತಾರು ವರ್ಷ ಹಲಗೆಯ ಮೇಲೆ ನಾನು ಬರೆದ ಒಂದು ತಲೆ, ಎರಡು ಬಾಲದ ಚಿತ್ರ ಆ ಸೀಸೆಯಲ್ಲಿತ್ತು. ನಳಿಕೆಯಲ್ಲಿ ಇಳಿಯಿತು. ಗೋಡೆಯ ಮೇಲಿನ ಪರದೆಯಲ್ಲಿ ಆಮ್ಲಜನಕದ ಸಂಖ್ಯೆ 84 ಇತ್ತು. 86. ಮತ್ತೆ 85. ನಾನು ಉಸಿರು ಬಿಗಿಹಿಡಿದಿದ್ದೆ ಅಂತ ಅಕ್ಕ ಭುಜ ಅಲುಗಿಸಿದಾಗಲೇ ಗೊತ್ತಾದದ್ದು. ಅರ್ಧ ತಾಸಿನೊಳಗೆ 93. ಪಕ್ಕೆಲುಬು ಒಳಗೆ ಹೋಗುವುದು ಕಡಿಮೆಯಾಯಿತು.

ಹೆರಿಗೆಗೆ ಮುಂಚೆ ತಾಯಿಗೂ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರು. ಪೂರ್ತಿ ಕೋರ್ಸಿಗೆ ಹೊತ್ತು ಸಿಗಲಿಲ್ಲ, ಒಂದೇ ಡೋಸ್ ಆಗಿತ್ತು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿಕೊಟ್ಟ ದಾರಿ ಅದು. ತಾಯಿಗೆ ಕೊಟ್ಟ ಆ ಔಷಧಿ ಕೂಸಿನ ಶ್ವಾಸಕೋಶ ಬೇಗ ಬಲಿಯುವಂತೆ, ಸರ್ಫ್ಯಾಕ್ಟೆಂಟ್ ಬೇಗ ಮಾಡಿಕೊಳ್ಳುವಂತೆ ಹೇಳುತ್ತದೆ. ಸ್ಟೀರಾಯ್ಡ್ ಕೂಡ ಲಿಪಿಡ್‌ಗಳ ಬಳಗದ್ದೇ. ಉದ್ದ ಬಾಲದ್ದಲ್ಲ, ನಾಲ್ಕು ಉಂಗುರ ಹೆಣೆದ ಬೇರೆ ರೂಪ. ದೇಹದೊಳಗೆ ಇಂಥವನ್ನು ಮಾಡುವುದು ಕೊಲೆಸ್ಟ್ರಾಲಿನಿಂದ.

ಕೊಲೆಸ್ಟ್ರಾಲ್ ಅಂದ ಕೂಡಲೇ ಅವ್ವನ ಕಥೆ ಹೇಳಬೇಕು. ಎರಡು ವರ್ಷದ ಹಿಂದೆ ರಕ್ತದ ವರದಿ ನೋಡಿ ಯಾರೋ ಹೆದರಿಸಿದರು ಅಂತ ಅವಳು ತುಪ್ಪ ಬಿಟ್ಟಳು, ಶೇಂಗಾ ಹಿಂಡಿ ಬಿಟ್ಟಳು, ಕಡೆಗೆ ಒಗ್ಗರಣೆಯನ್ನೂ ಬಿಟ್ಟಳು. ರೊಟ್ಟಿ, ಪುಂಡಿಪಲ್ಯ, ಬೇಳೆ ನೀರು. ಮೂರು ತಿಂಗಳಲ್ಲಿ ಸೊರಗಿಹೋದಳು. ನಾನು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಶೇಂಗಾದಲ್ಲಿ, ಯಾವ ಕಾಳಿನ ಎಣ್ಣೆಯಲ್ಲೂ, ಕೊಲೆಸ್ಟ್ರಾಲ್ ಇಲ್ಲವೆಂದರೂ ನಡೆಯುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆಯುವುದು ಆ ಒಂದು ಕಂಪನಿಯ ಹೆಚ್ಚುಗಾರಿಕೆಯಲ್ಲ. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚು ಪಾಲು ಮೈಯೇ ಮಾಡಿಕೊಂಡದ್ದು. ಅದು ಪ್ರತಿ ಕೋಶದ ಗೋಡೆಯಲ್ಲಿ ಬಾಲಗಳ ನಡುವೆ ನಿಂತು ಗೋಡೆ ಅತಿ ಸಡಿಲವೂ ಆಗದಂತೆ, ಅತಿ ಬಿಗಿಯೂ ಆಗದಂತೆ ನೋಡಿಕೊಳ್ಳುತ್ತದೆ. ಪಿತ್ತರಸ ಆಗುವುದು ಅದರಿಂದ. ಬಿಸಿಲಿಗೆ ಚರ್ಮದಲ್ಲಿ ಡಿ ಜೀವಸತ್ವ ಆಗುವುದು ಅದರ ಹತ್ತಿರದ ನೆಂಟನಿಂದ.

"ಹಂಗಾದ್ರ ರಿಪೋರ್ಟಿನಾಗ ಕೆಟ್ಟದ್ದು ಒಳ್ಳೇದು ಅಂತ ಬರ್ದಿದ್ದು ಏನು?" ಅಂದಳು. ರಕ್ತ ಎಂದರೆ ನೀರು, ಅದರಲ್ಲಿ ಎಣ್ಣೆಯಂಥದ್ದು ತಾನಾಗಿ ಓಡಾಡಲಾರದು. ಅದಕ್ಕೆ ಗಾಡಿ ಬೇಕು. ಹೊರಗೆ ಫಾಸ್ಫೋಲಿಪಿಡ್‌ನ ಒಂದು ಪದರ, ಅದಕ್ಕೆ ಪ್ರೋಟೀನು, ಒಳಗೆ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಸರಕು. ಎಲ್‌ಡಿಎಲ್, ಎಚ್‌ಡಿಎಲ್ ಎಲ್ಲ ಆ ಗಾಡಿಗಳ ಹೆಸರು. ಎಲ್‌ಡಿಎಲ್ ಗಾಡಿಗಳು ಬಹಳವಾಗಿ, ಇಳಿಸಿಕೊಳ್ಳುವವರಿಲ್ಲದೆ ಸುತ್ತುತ್ತಿದ್ದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುತ್ತವೆ. "ಸೂಪರ್ ಮಾರ್ಕೆಟ್‌ನಾಗ ಟಂಟಂ ನಿಂತಂಗ," ಅಂದಳು ಅವ್ವ, ನಮ್ಮ ಪೇಟೆಯಲ್ಲಿ ಸಾಲುಗಟ್ಟಿ ನಿಲ್ಲುವ ಆಟೋಗಳನ್ನು ನೆನೆದು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡ, ಕರಿದದ್ದು ಕಮ್ಮಿ ಮಾಡು, ಹಿಂಡಿ ತಿನ್ನು ಅಂತ ಹೇಳಿ ಡಬ್ಬಿ ಅವಳ ಮುಂದಿಟ್ಟೆ.

ಪೂರ್ತಿ ಎಣ್ಣೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಲ್ಲಿ ನೋಡಿದ್ದರು. ಕೊಬ್ಬೇ ಇಲ್ಲದ ಆಹಾರ ತಿಂದ ಇಲಿಗಳ ಚರ್ಮ ಹೊಟ್ಟು ಹೊಟ್ಟಾಗಿ, ಬಾಲ ಸಿಪ್ಪೆಯೆದ್ದು, ಬೆಳವಣಿಗೆ ನಿಂತಿತು. ಎಷ್ಟು ನೀರು ಕುಡಿದರೂ ಸಾಲದು, ಏಕೆಂದರೆ ಚರ್ಮ ನೀರನ್ನು ಹಿಡಿದಿಡುತ್ತಿರಲಿಲ್ಲ. ಲಿನೋಲಿಯಿಕ್ ಆಮ್ಲ ಕೊಟ್ಟಾಗ ಸುಧಾರಿಸಿದವು. ಇದನ್ನು ಇಲಿಯೂ ಮಾಡಿಕೊಳ್ಳಲಾರದು, ನಾವೂ ಮಾಡಿಕೊಳ್ಳಲಾರೆವು, ತಿಂದೇ ಪಡೆಯಬೇಕು. ನಮ್ಮ ಕುಸುಬಿಯ ಮುಕ್ಕಾಲು ಪಾಲು ಅದೇ. ಮೂರು ಬಾಗಿನದ್ದೂ ಹಾಗೇ ತಿಂದೇ ಪಡೆಯಬೇಕಾದದ್ದು, ಅದು ಕುಸುಬಿಯಲ್ಲಿ ಇಲ್ಲವೇ ಇಲ್ಲವೆನ್ನಬಹುದು, ಅಗಸಿಯಲ್ಲಿ ಬೇಕಾದಷ್ಟಿದೆ. ಕುಸುಬಿ ಎಣ್ಣೆಯ ಒಗ್ಗರಣೆ, ಮಗ್ಗುಲಿಗೆ ಅಗಸಿ ಹಿಂಡಿ ಇಟ್ಟ ನಮ್ಮ ಹಳೆಯ ಊಟದ ತಟ್ಟೆಯ ಮೇಲೆ ನನಗೆ ಬಹಳ ಗೌರವ.

ಕೂಸು ಆಸ್ಪತ್ರೆಯಲ್ಲಿ ಐದು ವಾರ ಇತ್ತು. ಮನೆಗೆ ಬಂದಾಗ ಎರಡು ಕಿಲೋ ಆಗಲು ಸ್ವಲ್ಪ ಕಡಿಮೆ. ಮೈಗೆ ಎಣ್ಣೆ ಹಚ್ಚಬಹುದೇ ಅಂತ ಅವ್ವ ಪ್ರತಿ ಭೇಟಿಯಲ್ಲೂ ಕೇಳಿಸುತ್ತಿದ್ದಳು. ಜನವರಿಯಲ್ಲಿ ಡಾಕ್ಟರಮ್ಮ ಒಪ್ಪಿದರು. ಕೊಬ್ಬರಿ ಎಣ್ಣೆ, ತಿಕ್ಕಬಾರದು, ಮೂಗು ಕಿವಿಗೆ ಹಾಕಬಾರದು. ಅವ್ವನಿಗೆ ಕುಸುಬಿ ಎಣ್ಣೆಯೇ ಆಗಬೇಕೆಂಬ ಆಸೆ ಇತ್ತು. ಡಾಕ್ಟರು ಹೇಳಿದ ಮೇಲೆ ಆಯಿತು ಅಂತ ಬಿಟ್ಟುಕೊಟ್ಟಳು.

ಅವತ್ತು ಬೆಳಿಗ್ಗೆ ಛಳಿ. ಎಣ್ಣೆ ಶೀಶೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವ್ವ ಕಾಲು ಚಾಚಿ ಕೂತು, ಬೆರಳಿನಿಂದ ಒಂದಿಷ್ಟು ತೋಡಿ ಅಂಗೈಗೆ ಹಾಕಿಕೊಂಡು ಮುಷ್ಟಿ ಮುಚ್ಚಿದಳು. ತೆರೆದಾಗ ನೀರಾಗಿತ್ತು. ಕಾಲ ಮೇಲೆ ಮಲಗಿದ್ದ ಕೂಸಿನ ಎದೆಗೆ, ಬೆನ್ನಿಗೆ, ನನ್ನ ಕಿರುಬೆರಳಿಗಿಂತ ಸ್ವಲ್ಪ ದಪ್ಪಗಿದ್ದ ತೋಳಿಗೆ ಸವರಿದಳು. ಆಮೇಲೆ ಉಗುರು ಬೆಚ್ಚಗಿನ ನೀರು ಹನಿಸಿದಾಗ ಅದು ಮೈಗೆ ಹತ್ತದೆ ಮಣಿ ಮಣಿಯಾಗಿ ಉರುಳಿ ಅವ್ವನ ಸೀರೆಗೆ ಇಳಿಯಿತು. ಕೂಸು ಬಾಯಿ ಅಗಲಿಸಿ ಆಕಳಿಸಿತು. ಎದೆ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು.